ಏಡನ್ನಿನಲ್ಲಿ ಡಬ್ಬಿಯ ಹಣ್ಣು: ಮಕ್ಕಳಿಗೂ ದೊಡ್ಡವರಿಗೂ ಅದರ ಸತ್ವದ ಬಗ್ಗೆ ನಿವೇದನೆ

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಓದುಗ ಬಂಧುಗಳ ಸನ್ನಿಧಿಯಲ್ಲಿ ವಿನಯಪೂರ್ವಕ ವಿಜ್ಞಾಪನೆ. ಇದಕ್ಕೆ ಮೊದಲು ನಾನು ಪತ್ರಿಕೆಗೆ ಏನನ್ನೂ ಬರೆದವಳಲ್ಲ. ಅಕ್ಷರ ದುಂಡಗಿಲ್ಲ, ಒತ್ತಕ್ಷರಗಳಲ್ಲಿ ದೋಷವಿರಬಹುದು; ಕ್ಷಮೆ ಇರಲಿ. ಯಜಮಾನರು ಕಚೇರಿಗೆ ಬರೆಯುವ ಅರ್ಜಿಗಳ ಹೊರತು ಬೇರೆ ಮಾದರಿ ನನ್ನ ಬಳಿ ಇಲ್ಲ.

ಹಡಗಿನಿಂದ ಇಳಿದ ದಿನ ಇಲ್ಲಿ ಒಂದೂ ಹಸಿರು ಎಲೆ ಕಾಣಲಿಲ್ಲವೆಂಬುದನ್ನು ಮೊದಲಾಗಿ ತಿಳಿಯಪಡಿಸುತ್ತೇನೆ. ಅರಬಸ್ತಾನದ ಬಂದರಾದ ಈ ಏಡನ್ನಿನ ಹಳೆಯ ಪೇಟೆ ಇರುವುದು ಆರಿಹೋದ ಜ್ವಾಲಾಮುಖಿಯ ಹೊಟ್ಟೆಯೊಳಗೆ. ಸುತ್ತಲೂ ಸುಟ್ಟ ಕಾವಲಿಯ ಬಣ್ಣದ ಬೋಳು ಗುಡ್ಡ. ಕುಮಟೆಯ ಕಡೆಯ ನಮ್ಮೂರು ಬಾಡದಲ್ಲಿ ಸಮುದ್ರದ ದಂಡೆಯವರೆಗೂ ತೆಂಗು ಬಾಗಿ ನಿಂತಿರುತ್ತದೆ. ಇಲ್ಲಿಯೂ ಅದೇ ಸಮುದ್ರ, ಅಂಚಿನಲ್ಲಿ ಮಾತ್ರ ಬರೀ ಕಲ್ಲು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೂರನೆಯ ವರ್ಷ, ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ಯಜಮಾನರು ನನ್ನನ್ನೂ ನಾಲ್ಕು ವರ್ಷದ ಮಗಳು ಮಂಗಲೆಯನ್ನೂ ಇಲ್ಲಿಗೆ ಕರೆಸಿಕೊಂಡರು.

ಸೂಕ್ ಎಂದರೆ ಇಲ್ಲಿಯ ಪೇಟೆ. ಬೇಸಿಗೆಯಲ್ಲಿ ಅಲ್ಲಿ ಹಣ್ಣು ಕೇಳಿದರೆ ಅಂಗಡಿಯವನು ಅಂಗೈ ಮಗುಚಿ "ಮಾಫೀಶ್" ಎನ್ನುತ್ತಾನೆ. ಇಲ್ಲ ಎಂದರ್ಥ. ನಾನು ಕಲಿತ ಮೊದಲ ಅರಬ್ಬಿ ಮಾತು ಅದೇ. ಆ ಹೊತ್ತಿಗೆ ಊರಿನಲ್ಲಿ ಇಶಾಡ ಮಾವು ಬುಟ್ಟಿಬುಟ್ಟಿಯಾಗಿ ಬರುತ್ತಿರುತ್ತದೆ. ಮಕ್ಕಳು ಮುರುಗಲ ಹಣ್ಣು ತಿಂದು ಬಾಯಿ ಕೆಂಪು ಮಾಡಿಕೊಂಡು ಮನೆಗೆ ಬರುತ್ತಾರೆ. ಇಲ್ಲಿ ಮಂಗಲೆಯ ಬಾಯಿಯೂ ಕೆಂಪಾಯಿತು, ಒಸಡಿನ ರಕ್ತದಿಂದ. ಅನ್ನ ಬಿಟ್ಟಳು. ಲಿಂಬೆರಸ ಉರಿಯುತ್ತದೆಂದು ಅತ್ತಳು.

"ಹೀಂಗೇ ಆದ್ರೆ ಮುಂದಿನ ಹಡಗಿಗೆ ನಿಮ್ಮಿಬ್ರನ್ನೂ ಊರಿಗೆ ಕಳಸೂದೇ ಸೈ. ಮತ್ತೆಂತ ಮಾಡೂದು?" ಎಂದರು ಯಜಮಾನರು. ಮದುವೆಯಾದ ಮೇಲೆ ಅಲ್ಲಿಯವರೆಗೆ ನಾವು ಒಂದೇ ಮನೆಯಲ್ಲಿ ಸಂಸಾರ ಮಾಡಿದ್ದು ಏಡನ್ನಿನ ಆ ಕೆಲವು ತಿಂಗಳು ಮಾತ್ರ.

ಮಗಳನ್ನು ತೋರಿಸಿದಾಗ ಡಾಕ್ಟರರು, ಹಣ್ಣು ತಿನ್ನದೆ ಒಸಡು ಹೀಗಾಗಿದೆ, ಡಬ್ಬಿಯ ಹಣ್ಣಾದರೂ ಕೊಡಿ ಎಂದರು. ಯಜಮಾನರು ಪೀಚ್ ಎಂಬ ಹಣ್ಣಿನ ತಗಡಿನ ಡಬ್ಬಿಗಳನ್ನು ತಂದರು. ಕೆಡದಂತೆ ಕಾದಿಟ್ಟದ್ದನ್ನು ನೆನೆಸಿ, ತೊಳೆದು, ಉಪ್ಪು ಬಿಡಿಸಿ ಬಳಸುವುದು ನಮ್ಮ ಕಡೆಯ ಕ್ರಮ. ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆಯನ್ನು ಮಳೆಗಾಲದಲ್ಲಿ ಹಾಗೆಯೇ ಅಲ್ಲವೇ ಬಳಸುವುದು. ಸದರಿ ಕ್ರಮದಂತೆ ಡಬ್ಬಿಯ ರಸ ಚೆಲ್ಲಿ, ಹೋಳುಗಳನ್ನು ಬೆಳಗಿನವರೆಗೆ ನೀರಿನಲ್ಲಿಟ್ಟೆ. ಮಂಗಲೆ ಬಾಯಿಗೆ ಹಾಕಿಕೊಂಡು ಉಗುಳಿದಳು.

"ಆಯಿ, ಇದು ಹಣ್ಣಲ್ಲ. ಒದ್ದೆ ಬಟ್ಟೆ."

ಎದುರು ಮನೆಯ ಜೈನಬ್ಬಿ ಭಟ್ಕಳದವರು. ಊರಿನಲ್ಲಿದ್ದಾಗ ಭಟ್ಕಳವೆಂದರೆ ಹೊನ್ನಾವರದ ಹೊಳೆ ದಾಟಿ ಹೋಗಬೇಕಾದ ಪರಸ್ಥಳ. ಇಲ್ಲಿ ನಾವಿಬ್ಬರೂ ಒಂದೇ ಊರಿನವರು. ಎರಡನೆಯ ಡಬ್ಬಿಯ ಹೋಳುಗಳನ್ನು ನಾನು ತೊಳೆಯುತ್ತಿರುವಾಗ ಅವರು ಬಾಗಿಲಿಗೆ ಬಂದರು.

"ಎಂತ ಅಕ್ಕ, ಹಣ್ಣಿಗೆ ಮೀಸ್ತಿದ್ರಾ? ಸೀಗೆಪುಡಿ ತರ್ಲಾ?"

"ಉಪ್ಪು ಬಿಡ್ಸೂದು ಬೇಡ್ವಾ?"

"ಅದ್ರಲ್ಲಿ ಉಪ್ಪೆಲ್ಲಿ? ಸಕ್ರೆ ಪಾಕ ಅದು. ನೀವೊಂದು ಹೋಳು ತಿಂದು ನೋಡಿದ್ರಾ ಇಲ್ವಾ?"

ನೋಡಿರಲಿಲ್ಲ. ಮಗುವಿನ ಔಷಧಿಗೆಂದು ತಂದದ್ದನ್ನು ನಾನು ಹೇಗೆ ತಿನ್ನಲಿ? ಜೈನಬ್ಬಿ ನಗುತ್ತಲೇ ಮಂಗಲೆಯನ್ನು ಎತ್ತಿಕೊಂಡು, ನನ್ನನ್ನೂ ಡಾಕ್ಟರರ ಬಳಿಗೆ ಹೊರಡಿಸಿದರು.

ಡಾಕ್ಟರರು ರತ್ನಾಗಿರಿಯ ಕಡೆಯವರು. ನಾನು ಶಾಲೆಯಲ್ಲಿ ಕಲಿತ ಮರಾಠಿ ಅವರೊಂದಿಗೆ ಮಾತಾಡಲು ಕೈಬಿಡಲಿಲ್ಲ. "ವೈನಿ, ಯಾವ ಹಣ್ಣಿನ ಡಬ್ಬಿ ಎಂದು ನಾನೂ ಹೇಳಬೇಕಿತ್ತು" ಎಂದರು; ವೈನಿ ಎಂದರೆ ಅತ್ತಿಗೆ. ಮುಂದೆ ಅವರು ಹೇಳಿದ್ದನ್ನು ಊರಿನ ತಾಯಂದಿರ ಅವಗಾಹನೆಗೆ ತರುತ್ತೇನೆ. ಡಬ್ಬಿಯ ಹಣ್ಣು ಸತ್ವಹೀನವಲ್ಲ. ಒಸಡನ್ನು ಕಾಯುವ ಜೀವಸತ್ವ ಮಾತ್ರ ಕಾಯಿಸುವಾಗ ಸ್ವಲ್ಪ ಕುಂದುತ್ತದೆ, ಸ್ವಲ್ಪ ಪಾಕಕ್ಕೆ ಇಳಿಯುತ್ತದೆ. ನೆನೆಸಿ ತೊಳೆದರೆ ಉಳಿದದ್ದೂ ನೀರಿನೊಂದಿಗೆ ಹೋಗುತ್ತದೆ. ಪೀಚಿನಲ್ಲಿ ಅದು ಮೊದಲೇ ಕಡಿಮೆ. ಪೇರಲೆ, ಕಿತ್ತಳೆ, ಅನಾನಸು ಉತ್ತಮ. ಆದರೆ ಪಾಕವೆಲ್ಲ ಸಕ್ಕರೆ. ಮಕ್ಕಳಿಗೆ ಅದರ ಒಂದೆರಡು ಚಮಚೆಯನ್ನು ನೀರು ಬೆರೆಸಿ ಕೊಟ್ಟರೆ ಸಾಕು, ಇಲ್ಲವಾದರೆ ಹಲ್ಲು ಹುಳುಕಾಗುತ್ತದೆ. ಸಿಹಿಮೂತ್ರದ ಕಾಯಿಲೆಯ ದೊಡ್ಡವರು ಪಾಕ ಮುಟ್ಟಬಾರದು. ತೆರೆದ ಮೇಲೆ ಹಣ್ಣನ್ನು ತಗಡಿನಲ್ಲೇ ಬಿಡದೆ ಪಿಂಗಾಣಿಗೆ ಸುರಿಯಬೇಕು. ಉಬ್ಬಿದ ಡಬ್ಬಿಯನ್ನು ಎಸೆಯಬೇಕು. ತಾಜಾ ಹಣ್ಣು ಸಿಕ್ಕುವವರಿಗೆ ಇದ್ಯಾವುದೂ ಬೇಡ.

ಈ ಕೊನೆಯ ಮಾತಿಗೆ ಜೈನಬ್ಬಿಯೂ ನಾನೂ ಮುಖ ಮುಖ ನೋಡಿಕೊಂಡೆವು.

ಪೇರಲೆಯ ಡಬ್ಬಿಗಳು ಬಂದವು. ಹೋಳನ್ನು ಕಿವಿಚಿ ಮೆತ್ತಗೆ ಮಾಡಿ ತಿನ್ನಿಸಿದೆ. ರಕ್ತ ನಿಂತಿತು, ಒಂದು ಸಂಜೆ ಮಂಗಲೆ ಅನ್ನವನ್ನು ತಾನಾಗಿಯೇ ಕೇಳಿದಳು. ಯಜಮಾನರು ಅವಳ ತುಟಿ ಎತ್ತಿ ನೋಡಿ, "ಆತು. ಇನ್ನು ಊರಿಗೆ ಹೋಗೂದು ಬೇಡ" ಎಂದರು. "ಬೇಡ" ಎಂದೆ. ಸಂತೋಷದಿಂದಲೇ ಎಂದೆ. ಆಮೇಲೆ ಒಳಗೆ ಹೋಗಿ, ಯಾರೂ ಹೇಳದೆ ನಾನೇ ತುಂಬಿಟ್ಟಿದ್ದ ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದೆ. ಮಳೆ ಹಿಡಿಯುವ ಮುಂಚೆ ಊರು ಮುಟ್ಟಿದರೆ ಕೊನೆಯ ಮಾವಾದರೂ ಸಿಕ್ಕೀತೆಂದು ನನ್ನ ಮನಸ್ಸಿನಲ್ಲಿತ್ತು.

ಮಂಗಲೆ ಬಂದು ನಿಂತಳು. "ಆಯಿ, ನಾವು ಎಲ್ಲಿಗೆ ಹೊರಟಿದ್ವು?"

"ಮನೆಗೆ."

"ಮತ್ತೆ ಇದು?"

"ಇದೂ ಮನೆಯೇ" ಎಂದೆ. ಇವೆರಡರಲ್ಲಿ ಯಾವ ಉತ್ತರ ಸರಿ ಎಂಬುದು ನನಗೆ ಇಂದಿಗೂ ತಿಳಿಯದು. ಸಂಪಾದಕರು ಈ ಬರಹದ ಅಕ್ಷರದೋಷಗಳನ್ನು ತಿದ್ದುವಾಗ, ಆ ಉತ್ತರದಲ್ಲಿಯೂ ತಪ್ಪು ಕಂಡುಬಂದರೆ, ದಯಮಾಡಿ ತಿದ್ದಿಕೊಡಬೇಕಾಗಿ ಪ್ರಾರ್ಥನೆ.