ದ್ರಾಕ್ಷಿಬೀಜದ ಡಾಕ್ಟರು

ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಲ್ಲಿದ್ದ ಆ ಡಾಕ್ಟರು ಯಾವುದನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಮಳೆ ಬಂತೆಂದರೂ "ಪುರಾವೆ ಏನೈತ್ರಿ?" ಎಂದು ಕಿಟಕಿಯಾಚೆ ಅಂಗೈ ಚಾಚುತ್ತಿದ್ದರು. ಮೊಣಕಾಲು ನೋವಿಗೆ ದ್ರಾಕ್ಷಿಬೀಜದ ಸಾರ ನಾಟುತ್ತದೆಯೇ ಎಂಬುದು ಅವರ ಸಂಶೋಧನೆ. ಹೊನವಾಡ ಎಂಬ ಹಳ್ಳಿಯ ಮುದುಕಿಯರಲ್ಲಿ ಅರ್ಧ ಜನಕ್ಕೆ ಸಾರದ ಗುಳಿಗೆ, ಉಳಿದವರಿಗೆ ಬರೀ ಜೋಳದ ಹಿಟ್ಟಿನ ಗುಳಿಗೆ. ಇದನ್ನು ಎಲ್ಲರಿಗೂ ಮೊದಲೇ ತಿಳಿಸಿದ್ದರು. ಯಾರಿಗೆ ಯಾವುದೆಂಬುದು ಮಾತ್ರ ಗುಟ್ಟು.

ಕೆಲವು ವಾರ ಬಿಟ್ಟು ಅವರ ಜೊತೆ ನಾನೂ ಆ ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಒಂದೇ ಬುಟ್ಟಿಯಲ್ಲಿ ಎಲ್ಲರ ಗುಳಿಗೆಗಳೂ ಇದ್ದವು.

"ಒಬ್ಬಾಕಿಗೆ ಔಷಧ, ಇನ್ನೊಬ್ಬಾಕಿಗೆ ಹಿಟ್ಟು ಅಂದ್ರ ಪಂಕ್ತಿಭೇದ ಆಗತೈತ್ರಿ. ಅದಕ್ಕ ಕಲಸಿ ಹಂಚ್ಕೊಂಡೇವ್ರಿ," ಎಂದಳು ಒಬ್ಬ ಅಜ್ಜಿ.

ಡಾಕ್ಟರು ಕುಸಿದು ಕೂತರು. "ನೋವು ಹೆಂಗೈತಿ?"

"ಎಲ್ಲಾರಿಗೂ ಕಡಿಮಿ ಆಗೇತ್ರಿ."

ಪುರಾವೆ ಕೇಳುತ್ತಾರೆಂದು ಕಾದೆ. ಅವರು ತಮ್ಮ ಮೊಣಕಾಲು ತಿಕ್ಕಿಕೊಂಡು, ಬುಟ್ಟಿಯ ಕಡೆ ಅಂಗೈ ಚಾಚಿದರು.