ಅವ್ವ ಹಾಸು ಕತ್ತರಿಸಿದ ದಿನ

ಹನ್ನೊಂದು ವರ್ಷದವಳಾಗುವವರೆಗೆ ನಾನು ನಮ್ಮವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

ಅದು ಐವತ್ತರ ದಶಕ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮದೂ ಸೇರಿ ನಾಲ್ಕೇ ಕ್ರೈಸ್ತ ಮನೆಗಳು. ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತಿಕೊಡುವುದು ನನ್ನ ಕೆಲಸ. ನನ್ನ ಕೈ ನಿಂತರೆ ಅಪ್ಪನ ಮಗ್ಗವೂ ನಿಲ್ಲುತ್ತಿತ್ತು.

ಅವ್ವ ತಂದೆತಾಯಿಯಿಲ್ಲದೆ ಸಿಸ್ಟರ್‌ಗಳ ಆಶ್ರಮದಲ್ಲಿ ಬೆಳೆದವಳು. ಅಲ್ಲಿ ಮೂರನೆಯ ಇಯತ್ತೆಯವರೆಗೆ ಓದಿದ್ದಳು. ಮದುವೆಯಾಗಿ ಬರುವಾಗ ಆಕೆ ತಂದದ್ದು ಎರಡು ಸೀರೆ, ಒಂದು ಪ್ರಾರ್ಥನೆಯ ಪುಸ್ತಕ. ರೊಟ್ಟಿ ಬಡಿಯುತ್ತಲೇ ನನಗೆ ಧರ್ಮಪಾಠವಾದ ಜ್ಞಾನೋಪದೇಶದ ಪ್ರಶ್ನೆ ಕೇಳುತ್ತಿದ್ದಳು. ಉತ್ತರ ತಪ್ಪಿದರೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು. ಬೇರೆ ಶಿಕ್ಷೆ ಇರಲಿಲ್ಲ.

ತಿಂಗಳಿಗೊಮ್ಮೆ ಫಾದರ್ ಬಸ್ಸಿನಲ್ಲಿ ಬರುತ್ತಿದ್ದರು. ಒಬ್ಬರ ಮನೆಯ ಪಡಸಾಲೆಯೇ ನಮ್ಮ ಗುಡಿ. ನಾನು ನಾಲ್ಕನೆಯ ಇಯತ್ತೆ ಪಾಸಾದಾಗ ಅವರು, ಗದಗಿನ ಆಚೆ ಸಿಸ್ಟರ್‌ಗಳ ಶಾಲೆಯ ವಸತಿಯಲ್ಲಿ ಈ ಹುಡುಗಿಗೆ ಜಾಗವಿದೆ ಎಂದರು.

"ಈ ಹಾಸು ಮುಗೀಲ್ರಿ ಸ್ವಾಮೇರ, ಕಳಸ್ತೀನಿ" ಅಂದ ಅಪ್ಪ.

ಮಗ್ಗಕ್ಕೆ ಉದ್ದಕ್ಕೆ ಬಿಗಿದು ಹೂಡಿದ ಆ ಹಾಸಿನ ನೂಲು ಮುಗಿಯಿತು, ಅದರ ಜಾಗದಲ್ಲಿ ಇನ್ನೊಂದು ಏರಿತು. ಹೀಗೇ ವರ್ಷ ಕಳೆಯಿತು. ಅಪ್ಪ ದೇವಭಕ್ತ. ದಿನಾ ಸಂಜೆ ಮೊಣಕಾಲೂರಿ ಜಪಮಾಲೆ ಹೇಳಿಸುತ್ತಿದ್ದವನು ಅವನೇ. ಆದರೆ ಪ್ರಾರ್ಥನೆ ಬಂದರೆ ಸಾಕು, ಹೆಣ್ಣುಮಗಳಿಗೆ ಅದಕ್ಕಿಂತ ಹೆಚ್ಚಿನ ಶಾಲೆ ಯಾಕೆ ಎಂಬುದು ಅವನ ಮಾತು.

ಮರುವರ್ಷ ಜೂನಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದ. ಅವ್ವ ಪಲ್ಯ ಬಡಿಸುತ್ತ ಅಂದಳು.

"ಸೋಮವಾರ ಸಾಲಿ ಶುರು ಆಕ್ಕತಿ. ಹುಡುಗಿನ್ನ ಬಿಟ್ಟು ಬರ್ರಿ."

"ಈ ಹಾಸು ಮುಗೀಲಿ."

ಅವ್ವ ಪಲ್ಯದ ಬೋಗುಣಿ ಕೆಳಗಿಟ್ಟಳು. ಗೂಡಿನಲ್ಲಿದ್ದ ಕತ್ತರಿ ತೆಗೆದುಕೊಂಡು ಮಗ್ಗದ ಹತ್ತಿರ ಹೋದಳು. ನೂಲಿನ ತುದಿ ಕತ್ತರಿಸಲು ಹೊರಟಿದ್ದಾಳೆ ಅಂದುಕೊಂಡೆ. ಆಕೆ ಬಿಗಿದು ನಿಂತಿದ್ದ ಹಾಸಿಗೇ ಕತ್ತರಿ ಹಾಕಿ, ಈ ದಡಿಯಿಂದ ಆ ದಡಿಯವರೆಗೆ ಕತ್ತರಿಸಿಬಿಟ್ಟಳು. ಎಳೆಗಳು ಟಪಟಪ ಹಿಂದಕ್ಕೆ ಸಿಡಿದವು. ಅರ್ಧ ನೇಯ್ದ ಸೀರೆ ಜೋತುಬಿತ್ತು.

ನೇಕಾರರ ಮನೆಯಲ್ಲಿ ಮಗ್ಗಕ್ಕೆ ಕಾಲು ತಾಗಿದರೂ ಕೈಮುಗಿಯುತ್ತಾರೆ. ತೊಡೆಯ ಮೇಲಿದ್ದ ಎರಡು ವರ್ಷದ ತಂಗಿಯನ್ನು ಅವುಚಿಕೊಂಡೆ. ಅಪ್ಪ ಈಗ ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ.

ಕಣ್ಣು ತೆರೆದರೆ ಅಪ್ಪ ಎದ್ದಿರಲೇ ಇಲ್ಲ. ರೊಟ್ಟಿಯ ತುಣುಕು ಕೈಯಲ್ಲೇ ಇತ್ತು.

"ಏನ್ ಮಾಡಿದಿ? ಉಣ್ಣೋ ಅನ್ನಕ್ಕ ಕತ್ತರಿ ಹಾಕಿದೆಲ್ಲ!"

"ಮಗ್ಗ ನಿಂತೈತಿ" ಅಂದಳು ಅವ್ವ. "ಈಗ ಕಂಡಿಕಿ ಸುತ್ತೋ ಕೆಲಸ ಇಲ್ಲ. ಇನ್ನರ ಕರಕೊಂಡು ಹೋಗ್ರಿ."

ಕತ್ತರಿಯನ್ನು ತಿರುಗಿ ಗೂಡಿನಲ್ಲಿಟ್ಟಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೋಗಿ ಒಲೆಯ ಬೂದಿ ತೆಗೆಯತೊಡಗಿದಳು.

ಆ ಸಂಜೆ ಅಪ್ಪ ಜಪಮಾಲೆಗೆ ಏಳಲಿಲ್ಲ. ಕಡಿದ ಎಳೆಗಳನ್ನು ನೋಡುತ್ತ ಮಗ್ಗದ ಕುಣಿಯ ಅಂಚಿಗೆ ಕೂತಿದ್ದ. ಅವ್ವನೇ ಜಪ ಶುರುಮಾಡಿದಳು. ನಮ್ಮ ಮನೆಯಲ್ಲಿ ಅದೂ ಮೊದಲ ಸಲ. ಅರ್ಧಕ್ಕೆ ಬಂದಾಗ ಕತ್ತಲೆಯಿಂದ ಅಪ್ಪನ ದನಿಯೂ ನಮ್ಮೊಡನೆ ಸೇರಿತು. ನಾನು ಬೆಚ್ಚಿ ಸಾಲು ತಪ್ಪಿದೆ.

ಮರುದಿನ ಫಾದರ್ ಬರುವ ಭಾನುವಾರ. ಪೂಜೆಗೆ ಮೊದಲು ಪಾಪನಿವೇದನೆ. ಪಡಸಾಲೆಯ ಮೂಲೆಯಲ್ಲಿ ಕಟ್ಟಿದ ಚಾದರವೇ ಪರದೆ. ಅವ್ವನ ಹಿಂದೆ ಸರದಿಯಲ್ಲಿ ನಾನಿದ್ದೆ. ಕೇಳಬಾರದ ಮಾತು ಕಿವಿಗೆ ಬಿತ್ತು.

"ಗಂಡನ ಮಗ್ಗದ ಹಾಸು ಕತ್ತರಿಸೀನ್ರಿ ಸ್ವಾಮೇರ."

ಫಾದರ್ ಕರಾವಳಿ ಕಡೆಯವರು. ತಮ್ಮೂರ ಕನ್ನಡದಲ್ಲೇ ಕೇಳಿದರು: "ಪಶ್ಚಾತ್ತಾಪ ಉಂಟಾ ಅಮ್ಮ?"

"ಅವರ ದುಡಿಮಿ ಹಾಳ ಮಾಡಿದ್ದಕ್ಕ ಐತ್ರಿ. ಮಗಳ ಸಾಲಿ ಸಲುವಾಗಿ ಮಾಡಿದ್ದಕ್ಕ ಇಲ್ರಿ. ಸುಳ್ಳು ಹ್ಯಾಂಗ ಹೇಳಲಿ?"

ಪಶ್ಚಾತ್ತಾಪವಿಲ್ಲದ ಅವ್ವನಿಗೆ ಕ್ಷಮೆ ಸಿಗುವುದಿಲ್ಲ, ನನ್ನಿಂದಾಗಿ ಆಕೆ ನರಕಕ್ಕೆ ಹೋಗುತ್ತಾಳೆ ಅಂದುಕೊಂಡೆ. ಫಾದರ್ ಮೆಲ್ಲಗೆ ಏನೋ ಹೇಳಿದರು, ಕೇಳಿಸಲಿಲ್ಲ. ಪೂಜೆಯಲ್ಲಿ ಅವ್ವ ಎದ್ದು ಹೋಗಿ, ಕ್ಷಮೆ ಸಿಕ್ಕವರಿಗಷ್ಟೇ ಸಲ್ಲುವ ಪರಮಪ್ರಸಾದ ಸ್ವೀಕರಿಸಿದಾಗಲೇ ನನ್ನ ಜೀವ ತಿರುಗಿ ಬಂತು.

ಸೋಮವಾರ ಬೆಳಿಗ್ಗೆ ಅಪ್ಪ ಅಂಗಿ ಹಾಕಿಕೊಂಡ. "ನಡಿ, ಬಸ್ಸು ತಪ್ಪತೈತಿ" ಅಂದ. ಅವ್ವ ಬಾಗಿಲಲ್ಲಿ ನನ್ನ ಹಣೆಗೆ ಶಿಲುಬೆಯ ಗುರುತು ಹಾಕಿದಳು. ಬಸ್ಸು ಅಬ್ಬಿಗೇರಿ ದಾಟಿ, ಎರಡೂ ಕಡೆ ಹರಗಿದ ಎರೆಹೊಲ ಶುರುವಾದಾಗ ಅಪ್ಪ ಬಾಯಿಬಿಟ್ಟ.

"ನಿಮ್ಮವ್ವ ಬಂದಾಗಿಂದ ನನ್ನ ಹತ್ತರ ಏನೂ ಕೇಳಿದಾಕಿ ಅಲ್ಲ. ಇಷ್ಟು ಸಿಟ್ಟು ಎಲ್ಲಿ ಇಟ್ಟಿದ್ಲವ್ವಾ?"

ಅವನ ಮುಖದಲ್ಲಿ ಕೋಪವಿರಲಿಲ್ಲ. ಗುರುತಿಲ್ಲದ ಊರಲ್ಲಿ ಇಳಿದವನಂತೆ ಕಾಣುತ್ತಿದ್ದ.

ಊರಿಗೆ ಮರಳಿದ ಅಪ್ಪ ಒಂದೊಂದೇ ಎಳೆ ಗಂಟುಹಾಕಿ ಹಾಸು ಜೋಡಿಸಿದನಂತೆ. ಹಗಲೆಲ್ಲ ನೇಯ್ದು ಸಂಜೆ ತಾನೇ ಕಂಡಿಕೆ ಸುತ್ತಲು ಕೂತಾಗ ಹೆಣ್ಣುಮಕ್ಕಳ ಕೆಲಸವೆಂದು ಓಣಿಯ ಗಂಡಸರು ನಕ್ಕರಂತೆ. ನಾನು ಓದಿ ಮಾಸ್ತರಿಣಿಯಾದೆ. ತಂಗಿ ನಾಲ್ಕನೆಯ ಇಯತ್ತೆ ಮುಗಿಸಿದ ವರ್ಷ ರಜೆಗೆಂದು ನಾನೂ ಮನೆಯಲ್ಲಿದ್ದೆ. ಅವ್ವ ಶಾಲೆಯ ಮಾತೆತ್ತುವ ಮೊದಲೇ ಅಪ್ಪ ತಂಗಿಯ ಟ್ರಂಕು ಹೆಗಲಿಗೇರಿಸಿಕೊಂಡು ಬಸ್‌ ನಿಲ್ದಾಣದ ಕಡೆ ನಡೆದುಬಿಟ್ಟ. ಆ ಸಲ ಬೆರಗಾಗಿ ಬಾಗಿಲಲ್ಲೇ ನಿಂತವಳು ಅವ್ವ.