ಅಜ್ಜಿಯ ಕಿವಿಗೆ ಮಿಲಿಟರಿ ರೇಡಿಯೋ

ಬಳ್ಳಾರಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿಯ ಗೂಡಂಗಡಿಯೊಂದಿದೆ. ಹೋದ ಬೇಸಿಗೆಯಲ್ಲಿ ಅದರ ಮುಂದೆ ಹಾಯುವಾಗ ಬೆಸುಗೆಯ ವಾಸನೆ ಬಂತು. ಕಾದ ಕಬ್ಬಿಣಕ್ಕೆ ರಾಳ ತಾಗಿದಾಗ ಏಳುತ್ತದಲ್ಲ, ಸ್ವಲ್ಪ ಲೋಬಾನದಂಥ, ಸ್ವಲ್ಪ ಸುಟ್ಟ ಧೂಳಿನಂಥ ವಾಸನೆ, ಅದು. ಕಾಲು ತಾನಾಗಿ ನಿಂತಿತು. ಎದೆ ಹಿಂಡಿತು, ಕಣ್ಣು ತುಂಬಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯಂತೆ ಒಳಗೆಲ್ಲೋ ಒಂದು ಕಡೆ ಮರಗಟ್ಟಿತು, ಅಷ್ಟೇ. ಮಾವನ ಮನೆ ನೆನಪಾದಾಗಲೆಲ್ಲ ನನಗೆ ಹೀಗೇ ಆಗುತ್ತದೆ. ನಿಮಗೂ ಅಂಥ ಮನೆಯೊಂದು ಇದ್ದೀತು. ಗೋಡೆ ಬಿದ್ದು ಎಷ್ಟೋ ವರ್ಷವಾದರೂ ಯಾವ ಮೂಲೆಯಲ್ಲಿ ಏನಿತ್ತೆಂದು ಕಣ್ಣು ಮುಚ್ಚಿ ಹೇಳಬಹುದಾದಂಥ ಮನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಹಚ್ಚೊಳ್ಳಿ. ಹೈಸ್ಕೂಲು ಓದಲೆಂದು ನನ್ನನ್ನು ಬಳ್ಳಾರಿಯ ಕೌಲ್‌ಬಜಾರಿನಲ್ಲಿದ್ದ ಬಸವರಾಜ ಮಾವನ ಮನೆಯಲ್ಲಿ ಬಿಟ್ಟಿದ್ದರು. ಮಾವ ಅವ್ವನ ತಮ್ಮ, ಹತ್ತಿ ಮಿಲ್ಲಿನಲ್ಲಿ ಅಂಡಗಿಗಳ, ಅಂದರೆ ಹತ್ತಿ ಮೂಟೆಗಳ, ಲೆಕ್ಕ ಬರೆಯುವ ಗುಮಾಸ್ತ. ಅವನ ಹೆಂಡತಿ ಗೌರತ್ತಿ, ಅವನ ತಾಯಿ ಅಂದರೆ ನನ್ನ ಅಜ್ಜಿ, ಮತ್ತು ನಾನು. ಮನೆಯಲ್ಲಿ ಇಷ್ಟೇ ಜನ. ಅಜ್ಜಿ ಕುರುಗೋಡಿನವಳು. ಒಂದು ಕಾಲಕ್ಕೆ ತನ್ನ ಮಾಳಿಗೆಯ ಮೇಲೆ ನಿಂತು ಆಚೆ ಓಣಿಯವರ ಜೊತೆ ಹರಟೆ ಹೊಡೆಯುತ್ತಿದ್ದಳಂತೆ, ಅಷ್ಟು ದೊಡ್ಡ ದನಿ. ಒಂದು ಕೆಟ್ಟ ಜ್ವರದಲ್ಲಿ ಕಿವಿ ಮುಕ್ಕಾಲು ಹೋದ ಮೇಲೆ ಮಾತೂ ಹಿಂದೆಯೇ ಹೋಯಿತು. ನಾವು ನಕ್ಕರೆ ಎಲ್ಲರ ಮುಖ ನೋಡಿ, ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವಳು ನಗುತ್ತಿದ್ದಳು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಆ ರೇಡಿಯೋವನ್ನು ಮಾವ ಕಂಟೋನ್ಮೆಂಟ್ ಕಡೆಯ ಗುಜರಿಯಿಂದ ಟಾಂಗಾದಲ್ಲಿ ಹೇರಿಕೊಂಡು ತಂದ. ಹಿಂದಿನ ದೊಡ್ಡ ಯುದ್ಧದಲ್ಲಿ ಸೈನ್ಯದವರು ಬಳಸಿ ಬಿಟ್ಟದ್ದು. ಕಬ್ಬಿಣದ ಮೈ, ಮಾಸಿದ ಹಸಿರು ಬಣ್ಣ, ಎರಡೂ ಬದಿಗೆ ಹಿಡಿಕೆ. ಇಬ್ಬರು ಹಿಡಿದರೂ ಉಸ್ಸಪ್ಪಾ ಎನ್ನುವಷ್ಟು ಭಾರ. ಮುಚ್ಚಳ ತೆಗೆದರೆ ವಾಲ್ವುಗಳ ನಡುವೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. "ಹತ್ತಿ ಅಂಡಗಿ ಬಿಟ್ಟು ಈಗ ಕಬ್ಣ ಹೊತ್ಕೊಂಡು ಬಂದ್ರೇನು?" ಎಂದು ಅತ್ತಿ ಬಾಗಿಲಲ್ಲೇ ಕೇಳಿದಳು. ಮಾವ ರಜೆಯ ದಿನವೆಲ್ಲ ಪಡಸಾಲೆಯಲ್ಲಿ ಕೂತು, ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದೊಂದೇ ತಿರುಪನ್ನು ಉಜ್ಜಿದ. ಕೋಳಿಪುಕ್ಕದಿಂದ ಗೂಡಿನ ಮಣ್ಣು ಕೆಡವಿದ. ಒಳಗೆ ಒಣಗಿದ ಕಂಡೆನ್ಸರುಗಳನ್ನು ಬದಲಿಸಿದ, ಮನೆಯ ಕರೆಂಟಿಗೆ ಹೊಂದುವ ಟ್ರಾನ್ಸ್‌ಫಾರ್ಮರನ್ನು ತಾನೇ ಸುತ್ತಿದ. ಆದರೆ ಹೊರಗಿನ ಮೈಯನ್ನು ಮಾತ್ರ ಇದ್ದ ಹಾಗೇ ಬಿಟ್ಟ. ಬಣ್ಣ ಹಚ್ಚಲಿಲ್ಲ, ಹೊಸ ತಿರುಪು ಹಾಕಲಿಲ್ಲ. ಯಾರೋ ಸಿಪಾಯಿ ಮೊಳೆಯಲ್ಲಿ ಗೀಚಿದ ಗೆರೆಗಳನ್ನೂ ಉಜ್ಜಲು ಬಿಡಲಿಲ್ಲ. ಹಳೆಯದು ಹಳೆಯದರ ಹಾಗೇ ಇರಬೇಕು ಎಂಬುದು ಅವನ ಹಟ.

ಅದಕ್ಕೆ ಸ್ಪೀಕರ್ ಇರಲಿಲ್ಲ. ಸಿಪಾಯಿಗಳು ಕಿವಿಗೆ ಹೆಡ್‌ಫೋನು ಹಾಕಿ ಕೇಳುತ್ತಿದ್ದರಂತೆ. ರೇಡಿಯೋ ಮೊದಲ ಸಲ ಜೀವ ಹಿಡಿದ ಸಂಜೆ ಮಾವ ಜೊತೆಗೇ ಬಂದಿದ್ದ ಹೆಡ್‌ಫೋನನ್ನು ಹಾಕಿಕೊಂಡವನೇ ಬೆಚ್ಚಿ ಕಿತ್ತೆಸೆದ, ಅಷ್ಟು ಜೋರು. ಆಮೇಲೆ ಏನು ಹೊಳೆಯಿತೋ, ಎದ್ದು ಹೋಗಿ ಅದನ್ನು ಅಜ್ಜಿಯ ತಲೆಗೆ ಇಟ್ಟ. ತಲೆಯ ಮೇಲಿನ ಸೆರಗು ತೆಗೆಯಲು ಅವಳು ಒಪ್ಪಲಿಲ್ಲ. ಸೆರಗಿನ ಮೇಲೆಯೇ ಪಟ್ಟಿ ಕೂತಿತು. ಮಾವ ಗುಂಡಿ ತಿರುಗಿಸಿದ. ಅಜ್ಜಿ ಗೋಡೆ ನೋಡುತ್ತ ಕೂತಿದ್ದವಳು ಒಮ್ಮೆಲೇ ಅವನ ಕೈ ಹಿಡಿದಳು. "ಯಾರೋ ಮಾತಾಡಾಕ ಹತ್ಯಾರಲೇ ಬಸ್ಯಾ!" ಎಂದು ಕುರುಗೋಡಿನ ಮಾಳಿಗೆಯ ದನಿಯಲ್ಲೇ ಕೂಗಿದಳು. ನನಗೆ ಖುಷಿಯಲ್ಲಿ ಕುಣಿಯಬೇಕೆನ್ನಿಸಿತು.

ಆಮೇಲಿನ ದಿನಗಳೇ ಆ ಮನೆಯ ಒಳ್ಳೆಯ ದಿನಗಳು. ಕಿವಿಗೆ ಒತ್ತುತ್ತದೆಂದು ಅಜ್ಜಿ ಬುಗುಡಿ ಬಿಚ್ಚಿಟ್ಟಳು. ಅತ್ತಿ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಮೆತ್ತನೆಯ ದಿಂಡು ಹೊಲಿದು ಹೆಡ್‌ಫೋನಿಗೆ ಕಟ್ಟಿದಳು. ಸಂಜೆ ವಾರ್ತೆಯ ಹೊತ್ತಿಗೆ ಅಜ್ಜಿ ರೇಡಿಯೋ ಮುಂದೆ, ನಾವೆಲ್ಲ ಅಜ್ಜಿಯ ಮುಂದೆ. ಕಿವಿ ಇದ್ದವರು ಕಿವುಡಿಯ ಬಾಯಿ ನೋಡುತ್ತ ಕೂರುವುದೆಂದರೆ! "ಏನಂತಬೇ?" ಎಂದು ಮಾವ ಕೈಸನ್ನೆಯಲ್ಲಿ ಕೇಳುವನು. "ಡ್ಯಾಮಿನ್ಯಾಗ ನೀರು ಬಂದಾವಂತ. ಕಾಲುವಿಗಿ ಬಿಡತಾರಂತ" ಎಂದು ಅವಳು ಹೇಳುವಳು. ಸಿರುಗುಪ್ಪದಿಂದ ಬಂದ ನೆಂಟರು ಭತ್ತದ ಧಾರಣೆ ಏನೆಂದು ಮೊದಲು ಅವಳನ್ನೇ ಕೇಳುವರು. ಆಕೆ ಕೂಡಲೇ ಹೇಳದೆ ಸ್ವಲ್ಪ ಕಾಯಿಸಿ, ಗತ್ತಿನಲ್ಲಿ ಹೇಳುವಳು. ಒಮ್ಮೊಮ್ಮೆ ವಾರ್ತೆಯಲ್ಲಿ ಇಲ್ಲದ್ದನ್ನೂ ಸೇರಿಸುತ್ತಿದ್ದಳೆಂದು ನನಗೆ ಈಗಲೂ ಗುಮಾನಿ.

ಆದರೆ ಅತ್ತಿಗೆ ಬೇಜಾರು ಶುರುವಾಯಿತು. "ಮನ್ಯಾಗ ರೇಡಿಯೋ ಇಟ್ಕೊಂಡು ಒಂದು ಹಾಡು ಕೇಳಾಂಗಿಲ್ಲ. ಓಣ್ಯಾಗ ನಗತಾರ, ನಿಮ್ಮ ರೇಡಿಯೋಕ್ಕ ಬಾಯಿಲ್ಲೇನು ಅಂತಾರ" ಎಂದು ದಿನವೂ ಅನ್ನುವಳು. ಅದೂ ಸುಳ್ಳೇನಲ್ಲ. ಕೊನೆಗೆ ಅವಳ ತಂಗಿಯ ಮದುವೆಗೆ ಬೀಗರು ಬರುವುದಿದ್ದಾಗ ಮಾವ ಸೋತ. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಒಂದು ಸ್ಪೀಕರ್ ಕೂರಿಸಿದ. ಹಳೆಯ ಮೈಗೆ ಹೊಸ ತೂತು ಕೊರೆಯಲು ಮನಸ್ಸಾಗದೆ, ಹಿಂದೆ ಮೊದಲೇ ಇದ್ದ ಸಣ್ಣ ಕಿಂಡಿಯಿಂದ ತಂತಿ ಎಳೆದ. ಅವಸರದಲ್ಲಿ ಮುಚ್ಚಳ ಬಿಗಿದ. ಅವತ್ತಿನಿಂದ ಪಡಸಾಲೆ ತುಂಬ ಹಾಡು. ಬೀಗರು ತಲೆದೂಗಿದರು. ಅತ್ತಿಯ ಮುಖ ಅರಳಿತು.

ಅಜ್ಜಿ ತನ್ನ ಜಾಗ ಬಿಡಲಿಲ್ಲ. ಹೆಡ್‌ಫೋನು ಮುಂದಿನ ತೂತಿಗೆ ಸಿಗಿಸಿದ್ದು ಸಿಗಿಸಿದ ಹಾಗೇ ಇತ್ತು. ಸಂಜೆಯಾದರೆ ಸೆರಗು ಸರಿಮಾಡಿ ಅದನ್ನು ಹಾಕಿಕೊಂಡು ಕೂರುವಳು. ಮಾವ ಮಿಲ್ಲಿನಿಂದ ಬಂದವನೇ ಬಗ್ಗಿ, ಕಿವಿಯತ್ತ ಬೆರಳು ತೋರಿಸಿ, "ಕೇಳತೈತೇನಬೇ?" ಎಂದು ವಿಚಾರಿಸುವನು. "ಹೂಂನಪ್ಪಾ, ಕೇಳತೈತಿ" ಎನ್ನುವಳು. ಅವನು ಕೈಕಾಲು ತೊಳೆಯಲು ಹೋಗುವನು. ವಾರ್ತೆ ಈಗ ಎಲ್ಲರ ಕಿವಿಗೂ ಬೀಳುತ್ತಿತ್ತು. ಹೀಗೆ ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು.

ಶ್ರಾವಣದಲ್ಲಿ ಅಜ್ಜಿ ತೀರಿಕೊಂಡಳು. ಕುರುಗೋಡಿನ ಹೊಲದಲ್ಲೇ ಮಣ್ಣು ಮಾಡಿ ಬಂದೆವು. ಹಾಡು ಹಾಕುವ ಮನಸ್ಸು ಯಾರಿಗೂ ಇರಲಿಲ್ಲ. ಒಂದು ಭಾನುವಾರ ಮಾವ, ಇನ್ನು ಸ್ಪೀಕರ್ ಬೇಡ, ಮೊದಲಿದ್ದ ಹಾಗೇ ಮಾಡಿಬಿಡುತ್ತೇನೆ ಎಂದು ರೇಡಿಯೋದ ಮುಚ್ಚಳ ಬಿಚ್ಚಿದ. ನಾನು ಎದುರಿಗೆ ಓದುತ್ತ ಕೂತಿದ್ದೆ. ಅತ್ತಿ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಿ ಅವನತ್ತ ನೋಡಿದರೆ ಒಳಗೆ ಒಂದು ಗಿಡ್ಡ ತಂತಿಯನ್ನು ಬೆರಳಲ್ಲಿ ಹಿಡಿದಿದ್ದ. ಅದರ ತುದಿಗೆ ಕರೀ ಟೇಪು ಸುತ್ತಿತ್ತು.

"ಗೌರಾ," ಎಂದ. "ಸ್ಪೀಕರ್ ಹಚ್ಚುವಾಗ ಹೆಡ್‌ಫೋನಿನ ತಂತಿ ನಾನ ಬಿಚ್ಚೀನಿ. ಆಮ್ಯಾಲ ಜೋಡಿಸಿದ್ರಾತು ಅಂತ ಟೇಪ್ ಸುತ್ತಿ ಮರ್ತೀನಿ."

"ಹಂಗಾರ ನಿಮ್ಮವ್ವ ಇಷ್ಟು ದಿನ..." ಎನ್ನುತ್ತ ಅತ್ತಿ ಶೇಂಗಾದ ಮೊರ ಪಕ್ಕಕ್ಕೆ ಸರಿಸಿದಳು.

ಮಾವ ಅಳಲಿಲ್ಲ. ಕಬ್ಬಿಣ ಕಾಯಿಸಿ ಆ ತಂತಿಯನ್ನು ಬೆಸೆದ, ಹೆಡ್‌ಫೋನು ಹಾಕಿ ನೋಡಿದ, ತೆಗೆದು ನನ್ನ ಕೈಗೆ ಕೊಟ್ಟ. ಕಿವಿಗೆ ಹಿಡಿದೆ. ಯಾರೋ ಸ್ಪಷ್ಟವಾಗಿ, ಜೋರಾಗಿ, ರೈತರಿಗೆ ಬೀಜ ಬಿತ್ತುವ ವಿಷಯ ಹೇಳುತ್ತಿದ್ದರು. ನಾನೂ ಅಳಲಿಲ್ಲ. ಮೈಯಲ್ಲಿ ಏನೂ ಆಡಲಿಲ್ಲ. ಅವತ್ತು ಹಿಡಿದ ಆ ಜೋಮು ಇನ್ನೂ ಬಿಟ್ಟಿಲ್ಲ.

ಉಳಿದಿದ್ದ ಕಿವಿಯೂ ಹೋಯಿತೆಂದು ಅವಳು ತಿಳಿದುಕೊಂಡಳೋ, ಮಗ ಅಷ್ಟು ಕಷ್ಟಪಟ್ಟದ್ದು ಕೆಟ್ಟಿತೆಂದು ಹೇಳಲು ಬಾಯಿ ಬರಲಿಲ್ಲವೋ, ಅಥವಾ ನಮ್ಮ ನಡುವೆ ಕೂರಲು ಅವಳಿಗೆ ಅದೊಂದು ನೆಪ ಬೇಕಿತ್ತೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ಕೇಳಿಸುತ್ತದೆಯೇ ಎಂದು ಮಾವ ದಿನವೂ ವಿಚಾರಿಸಿದ. ಏನು ಕೇಳಿಸಿತು ಎಂದು, ಆ ಒಂದು ವರ್ಷದಲ್ಲಿ, ನಾವು ಒಬ್ಬರೂ ಅವಳನ್ನು ಕೇಳಲಿಲ್ಲ.